ಮುನ್ಸೂಚನೆ ಹೊಲವನ್ನೂ ಮುಟ್ಟಲಿ

ಭಾರತ ಹವಾಮಾನ ಇಲಾಖೆಯ ಹುಟ್ಟಿಗೆ ಕಾರಣವಾದದ್ದು ಎರಡು ವಿಪತ್ತುಗಳು: 1864ರಲ್ಲಿ ಕೋಲ್ಕತ್ತಕ್ಕೆ ಅಪ್ಪಳಿಸಿದ ಚಂಡಮಾರುತ ಮತ್ತು ಅದರ ಬೆನ್ನಿಗೇ ಬಂದ ಮುಂಗಾರು ವೈಫಲ್ಯ. 1875ರಲ್ಲಿ ಸ್ಥಾಪನೆಯಾದ ಇಲಾಖೆಗೆ 2025ರಲ್ಲಿ 150 ವರ್ಷ ತುಂಬಿತು.

ಈ ಎರಡು ಹೊಣೆಗಳಲ್ಲಿ ಮೊದಲನೆಯದನ್ನು ಅದು ಮೆಚ್ಚುವಂತೆ ನಿಭಾಯಿಸಿದೆ. 1999ರ ಒಡಿಶಾ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಅದೇ ಕರಾವಳಿಗೆ ‘ಫೈಲಿನ್’ ಅಪ್ಪಳಿಸಿದಾಗ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಇದು ರಾಡಾರ್ ಮತ್ತು ಉಪಗ್ರಹಗಳ ಸಾಧನೆಯಷ್ಟೇ ಅಲ್ಲ. ಮುನ್ಸೂಚನೆಯನ್ನು ನಂಬಿದ ಆಡಳಿತ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿತ್ತು.

ಎರಡನೆಯ ಹೊಣೆ ಇನ್ನೂ ಬಾಕಿ ಇದೆ. ವಾಡಿಕೆ ಮಳೆಯಾಗುವುದೆಂದು ಇಲಾಖೆ ಹೇಳಿದ್ದ 2002ರಲ್ಲಿ ಶೇ 19ರಷ್ಟು ಕೊರತೆ ಬಿತ್ತು. ಅಂದಿನಿಂದ ಮುನ್ಸೂಚನೆಯ ವಿಧಾನಗಳು ಸುಧಾರಿಸಿವೆ, ನಿಜ. ಆದರೆ ಬಿತ್ತನೆ ಬೀಜ ಹಿಡಿದು ನಿಂತ ರೈತನಿಗೆ ದೇಶದ ಸರಾಸರಿ ಉತ್ತರವಾಗದು. ಈ ವಾರ ಬಿತ್ತಬೇಕೇ, ಕಾಯಬೇಕೇ ಎಂಬುದು ಅವನ ಪ್ರಶ್ನೆ. ಇಂಥ ಸಲಹೆ ನೀಡಲೆಂದೇ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ ಸುಮಾರು 200 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಅದೇ ವರ್ಷ ‘ಮಿಷನ್ ಮೌಸಮ್’ಗೆ ₹2,000 ಕೋಟಿ ಮಂಜೂರಾಯಿತು.

ಹೊಸ ಉಪಕರಣಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಕೊಡುವ ಮಾಹಿತಿಯನ್ನು ಊರಿನ ಮಣ್ಣು, ಬೆಳೆಗೆ ಹೊಂದಿಸಿ, ರೈತನ ಭಾಷೆಯಲ್ಲಿ ಹೇಳುವ ತಜ್ಞರೂ ಅಷ್ಟೇ ಅಗತ್ಯ. ಕರಾವಳಿಯಲ್ಲಿ ಜೀವ ಉಳಿಸಿದ ಎಚ್ಚರ ಒಳನಾಡಿನ ಬೆಳೆಗೂ ದಕ್ಕಬೇಕು.