ನಿಮ್ಮ ಆಫ್‌ರೋಡು, ನಮ್ಮೂರ ಬಂಡಿದಾರಿ

ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್ ಮುಗಿದ ರಾತ್ರಿ ಎರಡು ಕೆಲಸ ಗ್ಯಾರಂಟಿ. ಒಂದು, ಮೆಸ್ ಊಟ ಬಿಟ್ಟು ಹೊರಗೆ ತಿನ್ನೋದು. ಎರಡು, ಹೊಸ ವಾಟ್ಸಾಪ್ ಗ್ರೂಪ್ ಹುಟ್ಟೋದು. ಕಳೆದ ದಸರಾ ರಜೆಗೆ ಮುಂಚೆ ಹುಟ್ಟಿದ ನಮ್ಮ ಗ್ರೂಪಿನ ಹೆಸರು ‘ಆಫ್‌ರೋಡ್ ಗ್ಯಾಂಗ್’. ಆರು ಜನ, ಒಬ್ಬನ ಮಾವನ ಫೋರ್ ಬೈ ಫೋರ್ ಜೀಪು, ಬಾಡಿಗೆಗೆ ತಂದ ಎರಡು ಟೆಂಟು. ಎಲ್ಲರೂ ಹೋಗೋ ಸಕಲೇಶಪುರ, ಚಿಕ್ಕಮಗಳೂರು ಬೇಡ, ಯಾರೂ ಹೋಗದ ಕಡೆ ಹೋಗೋಣ ಅಂದರು. ನಾನು ಜಂಬದಿಂದ ‘ನಮ್ಮ ಸಿರವಾರಕ್ಕೆ ಬನ್ನಿ’ ಅಂದೆ.

ಟ್ರಿಪ್ ಮುಗಿಸಿ ಬಂದ ಮೇಲೆ ಆ ಗ್ರೂಪನ್ನ ಮೊದಲಿಂದ ಓದಿದೆ. ಟೀ ಶರ್ಟ್ ಬಣ್ಣಕ್ಕೆ ಮೂರು ಪೋಲ್ ಆಗಿದ್ದವು. ಜೀಪಿನಲ್ಲಿ ಯಾವ ಹಾಡು ಅಂತ ಒಂದು ಇಡೀ ಸಂಜೆ ಜಗಳ ಆಗಿತ್ತು. ನೀರಿನ ಬಗ್ಗೆ ಇದ್ದದ್ದು ಒಂದೇ ಮೆಸೇಜು: ‘ನೀರು ಅಲ್ಲೇ ಸಿಗುತ್ತಲ್ವಾ?’ ಅದಕ್ಕೆ ಯಾರೋ ಹೆಬ್ಬೆರಳು ಹಾಕಿದ್ದರು. ಆ ಯಾರೋ ನಾನೇ.

ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿದ್ದು ಇಷ್ಟೇ. ನಾವು ಪ್ಲಾನ್ ಅಂತ ಕರೆಯೋದು ಪ್ಲಾನ್ ಅಲ್ಲ, ಅದು ಆಸೆಗಳ ಪಟ್ಟಿ. ಮತ್ತೆ ನಾವು ಆಫ್‌ರೋಡ್ ಅಂತ ಕರೆಯೋ ಜಾಗ ಖಾಲಿ ಜಾಗ ಅಲ್ಲ. ಅಲ್ಲಿ ಯಾರದ್ದೋ ಹೊಲ ಇರುತ್ತೆ, ಯಾರೋ ದಿನಾ ನಡೆದಾಡುವ ದಾರಿ ಇರುತ್ತೆ.

ಆಗಿದ್ದು ಹೇಳ್ತೀನಿ. ಸಿರವಾರದಿಂದ ಕವಿತಾಳದ ಕಡೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಕಲ್ಲುಗುಡ್ಡ ಇದೆ. ಸಣ್ಣವನಿದ್ದಾಗ ಅಜ್ಜನ ಜೊತೆ ಹತ್ತಿದ್ದೆ. ಜೀಪಿನಲ್ಲಿ ಅದರ ಬುಡದವರೆಗೂ ಹೋಗೋದು, ಮೇಲೆ ಹತ್ತೋದು, ರಾತ್ರಿ ಟೆಂಟು, ಮರುದಿನ ಜಲದುರ್ಗ. ಇದು ನಮ್ಮ ಪ್ಲಾನು. ನಾವು ಊರು ಮುಟ್ಟಿದ ರಾತ್ರಿ ಮಳೆ ಹೊಡೀತು. ಬೆಳಿಗ್ಗೆ ಬಿಸಿಲು ಬಿದ್ದಾಗ ಎಲ್ಲರೂ ರೆಡಿ. ಅಜ್ಜ ಕಟ್ಟೆ ಮೇಲೆ ಕೂತು ಜೀಪು ನೋಡ್ತಾ ಹೇಳಿದರು: “ಎರಿ ಭೂಮಿ ಐತಿ. ರಾತ್ರಿ ಮಳಿ ಬಿದ್ದೈತಿ. ಇವತ್ತ ಗಾಡಿ ಒಯ್ಯಬ್ಯಾಡ್ರಪಾ. ಎರಡು ದಿನ ತಡೀರಿ.”

ನಮ್ಮ ಗ್ಯಾಂಗಿನಲ್ಲಿ ಇಬ್ಬರಿಗೆ ಕನ್ನಡ ಅಷ್ಟಕ್ಕಷ್ಟೇ. ಉಳಿದವರಿಗೂ ನಮ್ಮ ಕಡೆ ಮಾತು ಬೇಗ ತಿಳಿಯಲ್ಲ. ಅಜ್ಜ ಏನಂದ್ರು ಅಂತ ಕೇಳಿದರು. ನಾನು, ‘ಹುಷಾರಾಗಿ ಹೋಗಿ ಬನ್ನಿ ಅಂತಿದಾರೆ’ ಅಂದೆ.

ಯಾಕೆ ಹಾಗೆ ಅಂದೆ ಅಂತ ಆಮೇಲೆ ತುಂಬಾ ಯೋಚಿಸಿದೀನಿ. ಅಷ್ಟು ದೂರದಿಂದ ಕರೆದುಕೊಂಡು ಬಂದು ‘ಎರಡು ದಿನ ಸುಮ್ನೆ ಕೂತಿರಿ’ ಅನ್ನೋಕೆ ನಾಚಿಕೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಹತ್ತು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅಜ್ಜನ ಮಾತು ಮಾಹಿತಿ ಅಂತ ಅನ್ನಿಸಿರಲೇ ಇಲ್ಲ. ಫೋನಿನಲ್ಲಿ ಹವಾಮಾನ ನೋಡಿದ್ದೆ, ಸೂರ್ಯನ ಚಿತ್ರ ಇತ್ತು. ಅಷ್ಟು ಸಾಕಾಗಿತ್ತು.

ಬಂಡಿದಾರಿಯಲ್ಲಿ ಅರ್ಧ ಕಿಲೋಮೀಟರ್ ಹೋಗಿಲ್ಲ, ಜೀಪು ಜಾರೋಕೆ ಶುರುವಾಯ್ತು. ಕಪ್ಪು ಮಣ್ಣಿನ ಗುಣ ಸಿವಿಲ್‌ನವರಿಗೆ ಗೊತ್ತು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಇರುತ್ತೆ. ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತೆ. ಮೇಲೆ ಬಿಸಿಲಿಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ. ಆ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿಕೊಂಡರೆ ಟೈರು ನುಣ್ಣಗಿನ ಉಂಡೆ ಆಗುತ್ತೆ. ಹಿಡಿತವೇ ಇಲ್ಲದ ಮೇಲೆ ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ನಾಲ್ಕೂ ಚಕ್ರ ಸುಮ್ಮನೆ ತಿರುಗ್ತವೆ, ಅಷ್ಟೇ. ನಮ್ಮ ಡ್ರೈವರ್ ಸಾಹೇಬರು ದಾರಿ ಬಿಟ್ಟು ಪಕ್ಕಕ್ಕೆ ಎಳೆದರು. ಪಕ್ಕದಲ್ಲಿ ಇದ್ದದ್ದು ಹತ್ತಿ ಹೊಲ. ಒಡ್ಡು ಒಡೀತು, ಎರಡು ಸಾಲು ಗಿಡ ಮಲಗಿದವು, ಜೀಪು ಆಕ್ಸೆಲ್‌ವರೆಗೂ ಹೂತು ನಿಂತಿತು. ನಮ್ಮಲ್ಲೊಬ್ಬ ಅದನ್ನ ರೀಲ್ ಮಾಡ್ತಿದ್ದ.

ಹೊಲದ ಕಾಕಾ ಬಂದರು. ಬೈತಾರೆ ಅಂದುಕೊಂಡಿದ್ವಿ. ಗೆಳೆಯರಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, “ನೀ ಯಾರ ಮಗ?” ಅಂದರು. ಅಜ್ಜನ ಹೆಸರು ಹೇಳಿದೆ. “ನಿನಗಾದ್ರೂ ಗೊತ್ತಿರಬೇಕಿತ್ತಲ್ಲಪಾ” ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಟ್ರ್ಯಾಕ್ಟರ್ ಬಂದು ಎಳೆಯೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಡೀಸೆಲ್ ದುಡ್ಡು ಕೊಟ್ಟೆವು. ಗಿಡಕ್ಕೆ ಎಷ್ಟು ಕೊಡಬೇಕು ಅಂತ ಕೇಳಿದಾಗ ಕಾಕಾ ಸಲಿಕೆ ತಂದು ಕೈಗೆ ಕೊಟ್ಟರು. “ಮೊದ್ಲು ಒಡ್ಡು ಹಾಕ್ರಿ.” ಎರಡು ತಾಸು ಹಾಕಿದೆವು. ಜಿಮ್‌ಗೆ ಹೋಗೋ ಇಬ್ಬರ ಅಂಗೈಯಲ್ಲೂ ಬೊಬ್ಬೆ. ಆಮೇಲೆ ದಾರಿ ತೋರಿಸಿದರು. ನಮ್ಮ ಚಕ್ರ ಅಗೆದ ಗುಂಡಿಗಳಲ್ಲಿ ನೀರು ನಿಂತಿತ್ತು. “ಮಳಿಗಾಲದಾಗ ಹೊಲದ ಮನಿಯಿಂದ ಯಾರಿಗರ ಆರಾಮಿಲ್ಲಂದ್ರ ಇದ ದಾರಿಲೇ ಟ್ರ್ಯಾಕ್ಟರ್‌ನ್ಯಾಗ ಒಯ್ತೀವಿ. ಈಗ ಅದೂ ಬರೂದಿಲ್ಲ” ಅಂದರು. ನಾವು ಮಜಾ ಮಾಡೋಕೆ ಹುಡುಕಿಕೊಂಡು ಬಂದದ್ದು ಅವರಿಗೆ ಇನ್ನೂ ಸಿಗದ ರಸ್ತೆಯನ್ನ.

ಇದನ್ನ ಓದಿ ‘ಹಾಗಾದ್ರೆ ಎಲ್ಲೂ ಹೋಗಬಾರದಾ?’ ಅಂತ ನೀವು ಕೇಳಬಹುದು. ನನ್ನ ರೂಮ್‌ಮೇಟ್ ಕೇಳಿದ. ಅವನ ವಾದ: ಎಲ್ಲದಕ್ಕೂ ಪರ್ಮಿಷನ್, ಲಿಸ್ಟು ಅಂತ ಕೂತರೆ ಅದು ಟ್ರಿಪ್ ಅಲ್ಲ, ಲ್ಯಾಬ್ ರೆಕಾರ್ಡು. ಸುಮ್ಮನೆ ಹೊರಟುಬಿಡೋದರಲ್ಲೇ ಮಜಾ. ಒಬ್ಬನೇ ಹೊರಟರೆ ಈ ಮಾತು ಒಪ್ತೀನಿ. ಆರು ಜನ ಹೊರಟರೆ ಒಪ್ಪಲ್ಲ. ಗುಂಪಿನಲ್ಲಿ ಒಂದು ವಿಚಿತ್ರ ಇದೆ. ಪ್ರತಿಯೊಬ್ಬನೂ ಉಳಿದವರು ಯೋಚಿಸಿದಾರೆ ಅಂದುಕೊಳ್ತಾನೆ. ಆ ದಿನ ನಮ್ಮಲ್ಲೊಬ್ಬನಿಗೆ ಹಿಂದಿನ ರಾತ್ರಿಯಿಂದ ಜ್ವರ ಇತ್ತು. ಪ್ಲಾನ್ ಕೆಡಿಸಿದವನು ಅನ್ನಿಸಿಕೊಳ್ಳಬಾರದು ಅಂತ ಬಾಯಿ ಬಿಟ್ಟಿರಲಿಲ್ಲ. ಜೀಪು ಹೂತುಕೊಳ್ಳದೆ ಗುಡ್ಡದ ಮೇಲೆ ಹೋಗಿದ್ದರೆ ರಾತ್ರಿ ಏನಾಗ್ತಿತ್ತೋ.

ದೊಡ್ಡ ಮಟ್ಟದಲ್ಲೂ ಇದನ್ನೇ ನೋಡಿದೀವಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ಸೇರಿ ಇರುವೆ ಸಾಲಿನ ಹಾಗೆ ನಿಂತ ವಿಡಿಯೊ ನೀವೂ ನೋಡಿರ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ನಿಲ್ಲಿಸಿತು. ಆಗ ನಾವೆಲ್ಲ ಇಲಾಖೆಯನ್ನ ಬೈದೆವು. ಅದೇ ವರ್ಷ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅವರ ಜೊತೆ ದಾರಿ ಗೊತ್ತಿದ್ದ ಮಾರ್ಗದರ್ಶಕರೂ ಇದ್ದರು. ತಯಾರಿ ಮಾಡಿಕೊಂಡು ಹೋದವರಿಗೇ ಹವಾಮಾನ ಹಾಗೆ ಮಾಡಿದರೆ, ಟೀ ಶರ್ಟಿಗೆ ಪೋಲ್ ಮಾಡಿದ ನಾವು ಯಾವ ಲೆಕ್ಕ?

ಹಾಗಾದ್ರೆ ನಿಜವಾದ ಪ್ಲಾನ್ ಅಂದ್ರೇನು? ನನ್ನ ಪ್ರಕಾರ ಮೊದಲನೆಯದು, ‘ಬೇಡ’ ಅನ್ನೋ ಹಕ್ಕು. ಗುಂಪಿನಲ್ಲಿ ಯಾರೇ ಒಬ್ಬರು ವಾಪಸ್ ಹೋಗೋಣ ಅಂದರೆ ವಾಪಸ್. ಅದಕ್ಕೆ ವೋಟು ಇಲ್ಲ, ಆಮೇಲೆ ಗೇಲಿನೂ ಇಲ್ಲ. ಇದನ್ನ ಹೊರಡೋ ಮೊದಲೇ ಮಾತಾಡಿಕೊಳ್ಳಬೇಕು. ಗುಡ್ಡದ ಅರ್ಧದಲ್ಲಿ ನಿಂತು ಹೊಸದಾಗಿ ಹೇಳೋ ಧೈರ್ಯ ಯಾರಿಗೂ ಬರಲ್ಲ. ಜೊತೆಗೆ ಒಂದು ಟೈಮ್ ಫಿಕ್ಸ್ ಮಾಡಿ: ಇಷ್ಟು ಗಂಟೆಗೆ ತುದಿ ಸಿಗದಿದ್ದರೂ ಇಳಿಯೋಕೆ ಶುರು.

ಎರಡನೆಯದು, ಊರಿನವರ ಒಂದು ಮಾತು. ನಮ್ಮ ಜಿಲ್ಲೆಯನ್ನೇ ತಗೊಳ್ಳಿ. ಇದು ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು. ಕೃಷ್ಣೆಯ ನಡುವೆ ಜಲದುರ್ಗದ ಕೋಟೆ ಇದೆ, ಫೋಟೊಗೆ ಅದ್ಭುತ. ಆದರೆ ಮೇಲಿನ ನಾರಾಯಣಪುರ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತೆ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೂ ಮುಳುಗುತ್ತೆ. ಅದಕ್ಕೆ ನಮ್ಮಲ್ಲಿ ಮಳೆ ಬೀಳಬೇಕು ಅಂತಿಲ್ಲ, ಮಹಾರಾಷ್ಟ್ರದಲ್ಲಿ ಬಿದ್ದರೆ ಸಾಕು. ನಿಮ್ಮ ಫೋನಿನಲ್ಲಿ ಜಲದುರ್ಗಕ್ಕೆ ಬಿಸಿಲು ಅಂತಲೇ ತೋರಿಸ್ತಿರುತ್ತೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಟೆಂಟ್ ಹಾಕೋಕೆ ನಿಮಗೆ ಚಂದ ಕಾಣೋ ಮರಳ ದಡ ಅವಕ್ಕೂ ಚಂದ ಕಾಣುತ್ತೆ. ಇದನ್ನೆಲ್ಲ ಮ್ಯಾಪು ಹೇಳಲ್ಲ. ಚಹಾದಂಗಡಿಯಲ್ಲಿ ಕೂತವರು ಹೇಳ್ತಾರೆ, ಕೇಳಿದರೆ.

ಮೂರನೆಯದು ನೀರು ಮತ್ತು ಬಿಸಿಲು. ಮಲೆನಾಡಿನ ಲೆಕ್ಕ ಇಲ್ಲಿ ನಡೆಯಲ್ಲ. ನಮ್ಮ ಗುಡ್ಡಗಳಲ್ಲಿ ಝರಿ ಇಲ್ಲ, ನೆರಳು ಕಡಿಮೆ, ಕಲ್ಲು ಬಂಡೆ ಸಂಜೆವರೆಗೂ ಕಾವು ಹಿಡಿದಿರುತ್ತೆ. ತಲೆಗೆ ನಾಲ್ಕು ಲೀಟರ್ ಹೊತ್ತುಕೊಂಡೇ ಹೋಗಿ. ಮಾರ್ಚ್‌ನಿಂದ ಜೂನ್‌ವರೆಗೆ ಬರಲೇಬೇಡಿ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆ ಕಾಲ, ಎರೆ ಮಣ್ಣೂ ಒಣಗಿರುತ್ತೆ.

ನಾಲ್ಕನೆಯದು, ಪ್ಲಾನಿನಿಂದ ಯಾರು ಹೊರಗೆ ಉಳಿದರು ಅಂತ ನೋಡೋದು. ನಮ್ಮ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಬರೋ ಆಸೆ ಇತ್ತು. ನಾವು ಅವರನ್ನ ಬೇಡ ಅನ್ನಲಿಲ್ಲ. ರಾತ್ರಿ ಟೆಂಟ್ ಅಂತ ಮೊದಲೇ ಫಿಕ್ಸ್ ಮಾಡಿ, ಆಮೇಲೆ ‘ಬರ್ತೀರಾ?’ ಅಂತ ಕೇಳಿದೆವು. ಮನೆಯಲ್ಲಿ ಒಪ್ಪಲ್ಲ ಅಂತ ನಮಗೂ ಗೊತ್ತಿತ್ತು. ಹಾಗೇ ತಲೆಗೆ ಮೂರು ಸಾವಿರ ಅಂದಾಗ ‘ಊರಲ್ಲಿ ಕೆಲಸ ಇದೆ’ ಅಂದ ಗೆಳೆಯನಿಗೆ ಊರಲ್ಲಿ ಯಾವ ಕೆಲಸವೂ ಇರಲಿಲ್ಲ. ಜಾಗ ಆಮೇಲೆ ಆರಿಸಿ, ಯಾರ್ಯಾರು ಬರ್ತಾರೆ ಅನ್ನೋದನ್ನ ಮೊದಲು ಕೇಳಿ. ಪ್ಲಾನ್ ತಾನೇ ಬದಲಾಗುತ್ತೆ.

ನಮ್ಮದು ಬದಲಾಯ್ತು. ಜನವರಿಯಲ್ಲಿ ಮತ್ತೆ ಹೋದೆವು. ಈ ಸಲ ಒಂಬತ್ತು ಜನ, ಜೀಪಿಲ್ಲ, ಟೆಂಟಿಲ್ಲ, ಕೆಂಪು ಬಸ್ಸು. ಆ ಇಬ್ಬರು ಹುಡುಗಿಯರು ಬಂದರು, ‘ಊರಲ್ಲಿ ಕೆಲಸ’ ಇದ್ದವನೂ ಬಂದ. ಬೆಳಿಗ್ಗೆ ಬೇಗ ಮಸ್ಕಿ ಗುಡ್ಡ ಹತ್ತಿದೆವು. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಅದಕ್ಕೂ ಮುಂಚೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಷ್ಟೇ ಇದ್ದವು. ಅಶೋಕ ಅನ್ನೋ ಹೆಸರು ಮೊದಲ ಸಲ ಕಾಣಿಸಿದ್ದು ಮಸ್ಕಿಯಲ್ಲಿ. 1915ರಲ್ಲಿ ಅದನ್ನ ಗುರುತಿಸಿದವರು ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್. ಚಿನ್ನ ಹುಡುಕೋ ಕೆಲಸದಲ್ಲಿದ್ದ ಇಂಜಿನಿಯರ್ ಒಬ್ಬ ಬಂಡೆ ಮೇಲಿನ ಅಕ್ಷರ ನೋಡಿ ನಿಂತನಲ್ಲ, ಅದು ನನಗೆ ತುಂಬಾ ಇಷ್ಟ ಆಯ್ತು. ನಾವಾಗಿದ್ದರೆ ಅದರ ಮುಂದೆ ಸೆಲ್ಫಿ ತಗೊಂಡು ಮುಂದೆ ಹೋಗ್ತಿದ್ವಿ.

ಇಳಿದು ಬಂದು ಸಿರವಾರದಲ್ಲಿ ಅಜ್ಜನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಊಟ. ಸಂಜೆ ಆ ಹಳೆ ಬಂಡಿದಾರಿಯಲ್ಲಿ ನಡೆದು ಹೋದೆವು. ನಾವು ಹಾಕಿದ ಒಡ್ಡು ನಿಂತಿತ್ತು, ಸ್ವಲ್ಪ ಸೊಟ್ಟ. ಕಾಕಾ ಹತ್ತಿ ಬಿಡಿಸಿ ಮುಗಿಸಿದ್ದರು. ಈ ಸಲ ಅಜ್ಜನೂ ಜೊತೆಗಿದ್ದರು. ದಾರಿಯಲ್ಲಿ ಅವರು ಹೇಳಿದ್ದನ್ನೆಲ್ಲ ಗೆಳೆಯರಿಗೆ ಒಂದು ಮಾತೂ ಬಿಡದೆ ಅನುವಾದ ಮಾಡಿದೆ. ನನ್ನ ಬಗ್ಗೆ ಅಂದದ್ದನ್ನೂ.

ಮುಂದಿನ ರಜೆಗೆ ನಿಮ್ಮ ಗ್ರೂಪ್ ಹುಟ್ಟಿದಾಗ ಟೀ ಶರ್ಟ್ ಪೋಲ್‌ಗೆ ಮುಂಚೆ ಒಂದು ಪ್ರಶ್ನೆ ಹಾಕಿ: ‘ಆ ಊರಲ್ಲಿ ನಮಗೆ ಗೊತ್ತಿರೋರು ಯಾರಿದಾರೆ, ಅವರು ಏನಂತಾರೆ?’ ಉತ್ತರ ಯಾರ ಹತ್ತಿರವೂ ಇಲ್ಲ ಅಂದ್ರೆ ಇನ್ನೂ ಪ್ಲಾನ್ ಆಗಿಲ್ಲ ಅಂತ ಅರ್ಥ. ನಮ್ಮ ಕಡೆ ಬರೋದಿದ್ರೆ ನನಗೆ ಹೇಳಿ. ಅಜ್ಜನನ್ನ ಕೇಳಿ ಹೇಳ್ತೀನಿ.