ಸಿನಿಮಾಕ್ಕೂ ಸೀರೆಗೂ ಪೇಟೆಗೇ ಹೋಗಬೇಕೆ?

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರ, ಕಳಸದ ಕಡೆಯ ಒಬ್ಬ ಗೃಹಿಣಿ. ಪ್ರಶ್ನೆ ಒಂದೇ: ಫೋನಿನಲ್ಲೇ ಸಿನಿಮಾ ಸಿಗುವಾಗ, ಫೋನಿನಿಂದಲೇ ಸೀರೆ ಬರುವಾಗ, ಬಸ್ಸು ಹತ್ತಿ ಪೇಟೆಗೆ ಹೋಗುವ ಉಸಾಬರಿ ಯಾಕೆ?

ಪರ: ಹೋಗಲೇಬೇಕು ಮಾರಾಯ್ರೆ

‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ ಕೊನೆಗೆ. ನಮ್ಮಲ್ಲಿ ಆಗ ಕಾಫಿ ಕುಯ್ಲು. ಕಣದ ತುಂಬ ಹಣ್ಣು ಹರಡಿದ ಹೊತ್ತಿನಲ್ಲಿ ಮಳೆಯ ಹೆಸರು ಎತ್ತುವುದೇ ಅಪಶಕುನ. ಅಂಥದ್ದರಲ್ಲಿ ನಾವು ನಾಲ್ಕು ಹುಡುಗರು ದುಡ್ಡು ಕೊಟ್ಟು ಮಳೆ ನೋಡಲು ಚಿಕ್ಕಮಗಳೂರಿಗೆ ಹೊರಟೆವು. ಜೂನ್‌ನಿಂದ ಮನೆಯ ಹೆಂಚಿನ ಮೇಲೆ ಬಿಟ್ಟಿಯಾಗಿ ಬೀಳುವುದನ್ನು ಟಿಕೆಟ್ ತಗೊಂಡು ನೋಡುವವರನ್ನು ಅಜ್ಜ ಅದೇ ಮೊದಲು ಕಂಡದ್ದಂತೆ. ವಾಪಸ್ ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಎಷ್ಟು ಸೆಂಟು ಬಿತ್ತು?”

ಆ ಸಿನಿಮಾವನ್ನು ಆಮೇಲೆ ಟೀವಿಯಲ್ಲಿ, ಫೋನಿನಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನೆನಪಿರುವುದು ಆ ಮೊದಲ ಸಲವೇ. ಮೂವತ್ತು ಕಿಲೋಮೀಟರ್ ದಾರಿ, ಬಸ್ಸಿನಲ್ಲಿ ಸಿಕ್ಕ ದೂರದ ನೆಂಟರು, ಅಮ್ಮ ಬರೆದುಕೊಟ್ಟ ಚೀಟಿ, ಎಂ.ಜಿ. ರಸ್ತೆಯಲ್ಲಿ ಅದನ್ನು ಕಳೆದುಕೊಂಡದ್ದು, ನೆನಪಿಗೆ ಬಂದಷ್ಟು ಸಾಮಾನು ತಂದು ಬೈಸಿಕೊಂಡದ್ದು. ಪೇಟೆಗೆ ಹೋಗುವುದೆಂದರೆ ಇಷ್ಟೂ ಸೇರಿ.

ಬಟ್ಟೆ ಅಂಗಡಿಯವನು ಮೂವತ್ತು ಸೀರೆ ಬಿಡಿಸಿ ಹಾಕಬೇಕು, ಒಂದೂ ಒಪ್ಪಿಗೆಯಾಗದೆ ಎದ್ದು ಹೊರಟಾಗ ಮೂವತ್ತೊಂದನೆಯದನ್ನು ಒಳಗಿನಿಂದ ತರಬೇಕು. ಫೋನಿನಲ್ಲಿ ಈ ಮೂವತ್ತೊಂದನೆಯದು ಎಲ್ಲಿದೆ? ಕಳೆದ ಮಳೆಗಾಲ ಒಂದು ಜೊತೆ ಗಮ್‌ಬೂಟು ಆನ್‌ಲೈನಿನಲ್ಲಿ ತರಿಸಿದೆ. ಎಂಟು ದಿನ ಬಿಟ್ಟು ಫೋನು ಬಂತು: “ಸಾರ್, ನಿಮ್ಮ ತೋಟದ ತನಕ ಬರಕ್ಕಾಗಲ್ಲ, ಮೂಡಿಗೆರೆಗೆ ಬಂದು ತಗೊಂಡು ಹೋಗಿ.” ಹೋದೆ. ಎಡಗಾಲಿನದು ಎಂಟು ನಂಬರು, ಬಲಗಾಲಿನದು ಒಂಬತ್ತು. ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಜೊತೆ ಕೊಂಡು ಬಂದೆ.

‘ಬೆಟ್ಟದ ಹೂವು’ ನೆನಪಿದೆಯಲ್ಲ, 1985ರದ್ದು? ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಸಿನಿಮಾದಲ್ಲಿ ಪುನೀತ್ ಮಾಡಿದ ಹುಡುಗನಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬೇಕು, ಬೆಲೆ ಹತ್ತು ರೂಪಾಯಿ. ಕಾಡುಹೂವು ತಂದುಕೊಟ್ಟು ಅವನು ಆ ಹಣ ಕೂಡಿಸುತ್ತಾನೆ. ಬೆರಳು ಒತ್ತಿದ ಕೂಡಲೇ ಸಿಗುವಂತಿದ್ದರೆ ಅದೊಂದು ಕಥೆಯಾಗುತ್ತಿತ್ತೆ?

ವಿರೋಧ: ಹೋದವರು ಯಾರು, ಉಳಿದವರು ಯಾರು?

ನಾಲ್ಕು ಹುಡುಗರು ಮಳೆ ನೋಡಲು ಹೊರಟರು, ಸರಿ. ಚೀಟಿ ಬರೆದುಕೊಟ್ಟ ಅಮ್ಮ ಆ ಸಿನಿಮಾ ಯಾವಾಗ ನೋಡಿದರು? ಅದನ್ನು ಇವರು ಹೇಳಲೇ ಇಲ್ಲ.

ನಮ್ಮ ಮನೆಯಲ್ಲೂ ಹಾಗೇ. ಗಂಡಸರು ಸೆಕೆಂಡ್ ಶೋ ಮುಗಿಸಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಅರ್ಧ ಕಥೆ ಹೇಳುವುದು, ಉಳಿದರ್ಧ ನಾವು ಊಹಿಸಿಕೊಳ್ಳುವುದು. ಹಸು ಕರೆಯಬೇಕಿತ್ತು, ಹಂಡೆಗೆ ಬೆಂಕಿ ಹಾಕಬೇಕಿತ್ತು, ಅತ್ತೆಗೆ ಗಂಜಿಯಾಗಬೇಕಿತ್ತು. ಕಳಸದಿಂದ ಚಿಕ್ಕಮಗಳೂರೆಂದರೆ ತೊಂಬತ್ತು ಕಿಲೋಮೀಟರಿನ ಆಸುಪಾಸು, ಅರ್ಧಕ್ಕರ್ಧ ತಿರುವು. ಹೋಗಿ ಬರುವುದರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತದೆ. ಆ ಬಸ್ಸಾದರೂ ಎಲ್ಲಿ? ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತೇ ಹೋಯಿತು. ಮಳೆಗಾಲದಲ್ಲಿ ಭದ್ರೆ ಏರಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ದಾರಿಯೇ ಬಂದ್ ಆಗುತ್ತಿದ್ದ ಊರು ನಮ್ಮದು. ಅಂಥ ಕಡೆ ಪೇಟೆಗೆ ಹೋಗುವುದೇ ಮಜಾ ಎಂದು ಜೀಪು ಇಟ್ಟುಕೊಂಡವರು ಹೇಳಬಹುದು.

ತೇಜಸ್ವಿಯವರ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 1986ನೇ ಸಾಲಿನ ಸ್ವರ್ಣಕಮಲ ಅದಕ್ಕೇ ಬಂತು. ಮೂಡಿಗೆರೆಯಲ್ಲಿ ಕೂತು ಬರೆದವರ ಕಥೆ, ನಾನು ಇಲ್ಲೇ ಕಳಸದಲ್ಲಿ. ಆದರೂ ನೋಡಿದ್ದು ಮೊನ್ನೆ, ಮಗಳ ಹಳೇ ಫೋನಿನಲ್ಲಿ, ಮೂರು ಕಂತಿನಲ್ಲಿ. ಒಂದು ಕಂತು ಅಡಿಕೆ ಸುಲಿಯುವಾಗ, ಒಂದು ರಾತ್ರಿ, ಇನ್ನೊಂದು ಕರೆಂಟು ಹೋಗಿ ಬಂದ ಮೇಲೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಮನೆಯಲ್ಲಿ ಕಾಲು ಕೊಳೆಯುತ್ತ ಮಲಗಿದ ಹೆಂಡತಿ. ಅಳು ಬಂದಾಗ ನಿಲ್ಲಿಸಿ ಮುಖ ತೊಳೆದು ಬಂದು ಮತ್ತೆ ನೋಡಿದೆ. ಯಾವ ಟಾಕೀಸು ನನಗಾಗಿ ನಿಲ್ಲಿಸುತ್ತಿತ್ತು? ಪೇಟೆಗೆ ಅಲೆಯುವುದರಲ್ಲೇ ಸುಖವಿದೆ ಎನ್ನುವವರು ಒಂದು ಮಾತು ತಬರನನ್ನು ಕೇಳಲಿ.

ಇನ್ನೂ ಒಂದು. ಈಗ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ. ಸಂಜೆ ಒಲೆಯ ಮುಂದೆ ಕೂತು ಫೋನಿನಲ್ಲಿ ಅವರ ಭಾಷೆಯ ಹಾಡು ಹಾಕಿಕೊಳ್ಳುತ್ತಾರೆ. ಎಂ.ಜಿ. ರಸ್ತೆಯಲ್ಲಿ ಎಷ್ಟು ಸುತ್ತಿದರೂ ಅವರಿಗೆ ಅದು ಸಿಗುವುದಿಲ್ಲ.

ಎಡ-ಬಲ ಬೇರೆಯಾದ ಗಮ್‌ಬೂಟಿನ ಕಥೆಗೆ ನಾನೂ ನಕ್ಕೆ. ಆದರೆ ಮೂವತ್ತು ಸೀರೆ ಬಿಡಿಸಿ ಹಾಕಿಸಿ ಏನೂ ಕೊಳ್ಳದೆ ಎದ್ದು ಬರಲು ಒಂದು ಧೈರ್ಯ ಬೇಕು, ಅದು ಎಲ್ಲರಿಗೂ ಇರುವುದಿಲ್ಲ. ನನ್ನ ಉಡುಪು, ಅವಸ್ಥೆ ನೋಡಿ ಅಂಗಡಿಯವನೇ “ಕಮ್ಮಿ ರೇಟಿನದು ಆ ಕಡೆ” ಎಂದು ಕೈ ತೋರಿಸಿದ್ದುಂಟು. ಫೋನು ಹಾಗೆ ಕೈ ತೋರಿಸುವುದಿಲ್ಲ. ಕೊಳ್ಳದಿದ್ದರೂ ಇನ್ನೂರು ಸೀರೆ ನೋಡುತ್ತೇನೆ.

‘ಬೆಟ್ಟದ ಹೂವು’ ವಿಷಯ ಎತ್ತಿದರಲ್ಲ, ಅದರ ಕೊನೆ ಮರೆತರೋ ಏನೋ. ಆ ಹುಡುಗ ಕೂಡಿಟ್ಟ ದುಡ್ಡಿನಲ್ಲಿ ಪುಸ್ತಕ ಕೊಳ್ಳುವುದಿಲ್ಲ, ಮನೆಯವರಿಗೆ ಕಂಬಳಿ ತರುತ್ತಾನೆ. ಚಳಿಯಲ್ಲಿ ಮನೆಯಲ್ಲೇ ಉಳಿದವರ ನೆನಪು ಅವನಿಗಿತ್ತು.

ಆದರೂ ಅವರು ಅಷ್ಟು ಹೇಳಿದ ಮೇಲೆ ನನಗೂ ಆಸೆಯಾಗಿದೆ, ಸುಳ್ಳೇಕೆ ಹೇಳಲಿ. ಮುಂದಿನ ವಾರ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಹೊರಟಿದ್ದೇನೆ, ಮಗಳ ಜೊತೆ. ನಮ್ಮನೆಯವರಿಗೆ ಹಸು ಕರೆಯುವ ಹೊತ್ತು, ಅತ್ತೆಯ ಮಾತ್ರೆ ಎಲ್ಲ ಚೀಟಿಯಲ್ಲಿ ಬರೆದಿಟ್ಟಾಗಿದೆ. ಬೇಜಾರಾದರೆ ನೋಡಲಿ ಎಂದು ಫೋನು ಚಾರ್ಜಿಗೂ ಹಾಕಿ ಹೋಗುತ್ತೇನೆ.