ಗೆದ್ದ ಕಾರನ್ನು ಮಾರುವವನ ಮೌನ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕಳೆದ ತಿಂಗಳು ದೀರ್ಘವಾದ ಮಿಂಚಂಚೆ ಬಂದಿತು. ಹೆಸರು ಬೇಡ, ಓದಿದರೆ ತನ್ನ ಕುರಿತೇ ಎಂದು ಅವನಿಗೆ ತಿಳಿಯುತ್ತದೆ. ಬಹುಕಾಲ ಅಕ್ಕರೆಯಿಂದ ಇಟ್ಟುಕೊಂಡಿದ್ದ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಅವನೀಗ ಮಾರಲು ಹೊರಟಿದ್ದಾನೆ. ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಓಡಿ ಗೆದ್ದ ಕಾರು ಅದು. ಒಮ್ಮೆ ಅಪಘಾತವಾಗಿ ಚಾಸಿಯ ಮುಂಭಾಗವನ್ನು ಬದಲಿಸಲಾಗಿದೆ, ಎಂಜಿನ್ನೂ ಮೊದಲಿನದಲ್ಲ. "ಕೇಳಿದರೆ ಹೇಳೋಣ, ಕೇಳದಿದ್ದರೆ ಸುಮ್ಮನಿರೋಣ" ಎಂದು ದಲ್ಲಾಳಿ ಸಲಹೆ ಕೊಟ್ಟಿದ್ದಾನಂತೆ. "ಸಾರ್, ನಾನು ಸುಳ್ಳು ಹೇಳದಿದ್ದರೆ ಸಾಕಲ್ಲವೇ? ಉಳಿದದ್ದನ್ನು ಕೊಳ್ಳುವವನು ನೋಡಿಕೊಳ್ಳಬೇಕಲ್ಲವೇ?" ಎಂಬುದು ಅವನ ಪ್ರಶ್ನೆ.

ಸಾಲದು ಎಂಬುದೇ ನನ್ನ ಉತ್ತರ. ಅವನೊಬ್ಬನಿಗೇ ಬರೆದು ಮುಗಿಸಬಹುದಿತ್ತು. ಆದರೆ ಇದೇ ವಾದವನ್ನು ಮನೆ ಮಾರುವವರಿಂದಲೂ ಮದುವೆಯ ಸಂಬಂಧ ಕುದುರಿಸುವವರಿಂದಲೂ ಕೇಳಿ ಕೇಳಿ ಬೇಸತ್ತಿರುವುದರಿಂದ ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

ಅವನು ತನ್ನ ಪರವಾಗಿ 1990ರ ಲಂಡನ್ ಹೈಕೋರ್ಟಿನ ತೀರ್ಪೊಂದನ್ನು ಎತ್ತಿ ಹಿಡಿದಿದ್ದಾನೆ. ಆ ಕಥೆಯನ್ನು ನೀವೂ ಕೇಳಬೇಕು. 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು ಎರಡು ವರ್ಷ ಸತತವಾಗಿ ಗೆದ್ದಿತ್ತು. 1929ರಲ್ಲಿ ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಅದನ್ನು ಓಡಿಸಿದರು. 1930ರಲ್ಲಿ ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್. ಮುಂದೆ ಅದರ ಆರೂವರೆ ಲೀಟರಿನ ಎಂಜಿನ್ ಹೋಗಿ ಎಂಟು ಲೀಟರಿನದು ಬಂದಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿಗಳ ಓಟದಲ್ಲಿ ಕಾರು ಓರೆಯಾಗಿ ಎತ್ತರಿಸಿದ ತಿರುವಿನ ಅಂಚನ್ನು ದಾಟಿ ಹಾರಿಬಿದ್ದು, ಚಾಲಕ ಕ್ಲೈವ್ ಡನ್‌ಫೀ ಪ್ರಾಣ ಕಳೆದುಕೊಂಡ. ಅನಂತರ ಅದನ್ನು ಬಾರ್ನಾಟೊಗಾಗಿ ರಸ್ತೆಯ ಕಾರಾಗಿ ಮತ್ತೆ ಕಟ್ಟಲಾಯಿತು.

ದಶಕಗಳು ಕಳೆದ ಮೇಲೆ ಒಡೆಯನಾಗಿದ್ದ ಎಡ್ವರ್ಡ್ ಹಬ್ಬರ್ಡ್ ಅದನ್ನು ಒಂದು ಕಂಪನಿಗೆ 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡ. ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆ ಸರಿದಾಗ ವ್ಯಾಜ್ಯ ನ್ಯಾಯಮೂರ್ತಿ ಆಟನ್ ಅವರ ಮುಂದೆ ಬಂದಿತು. 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ ಭಾಗ ಒಂದೂ ಉಳಿದಿರಲಿಲ್ಲ. 1930ರದೆಂದು ಉಳಿದಿದ್ದವು ಪೆಡಲಿನ ಶಾಫ್ಟು, ಗೇರ್‌ಬಾಕ್ಸಿನ ಕವಚ ಮತ್ತು ಸ್ಟಿಯರಿಂಗ್ ಕಂಬ, ಅಷ್ಟೇ! ಆದರೂ ತೀರ್ಪು ಹಬ್ಬರ್ಡ್ ಪರವಾಗಿ ಬಂದಿತು. ಹೊಸ ಭಾಗಗಳು ಒಂದೊಂದಾಗಿ ಸೇರುತ್ತ ಹೋದರೂ ಕಾರಿನ ಗುರುತು ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕುಳ್ಳ ಬೇರೆ ಕಾರೂ ಇಲ್ಲ ಎಂಬುದು ನ್ಯಾಯಮೂರ್ತಿಗಳ ನಿಲುವು.

ಈ ತೀರ್ಪನ್ನು ನಾನು ಒಪ್ಪುತ್ತೇನೆ. ಅಚ್ಚು ರಥವಲ್ಲ, ಗಾಲಿಯೂ ರಥವಲ್ಲ ಎಂದು ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ತಿಳಿಸಿಕೊಟ್ಟದ್ದನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆನಲ್ಲ? ಪಂದ್ಯದ ಕಾರಿಗಂತೂ ಭಾಗಗಳನ್ನು ಬದಲಿಸಿಕೊಳ್ಳುವುದೇ ಬದುಕು.

ಆದರೆ ನನ್ನ ಶಿಷ್ಯ ತೀರ್ಪಿನ ಅರ್ಧವನ್ನು ಮಾತ್ರ ಓದಿದ್ದಾನೆ. 1929ರಲ್ಲಿ ಗೆದ್ದ ಕಾರು ಯಥಾವತ್ತಾಗಿ ಉಳಿದಿದೆಯೆಂದು ನ್ಯಾಯಾಲಯ ಹೇಳಲೇ ಇಲ್ಲ. ಹಾಗೆನ್ನಲಾಗದು ಎಂದೇ ಹೇಳಿತು. ಅದು ಕಾಪಾಡಿದ್ದು ಅಖಂಡವಾದ ಚರಿತ್ರೆಯನ್ನು. ಯಾವಾಗ ಯಾವ ಭಾಗ ಹೋಯಿತು, ಯಾವುದು ಬಂದಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಲು ಸಾಧ್ಯವಾದದ್ದರಿಂದಲೇ ಆ ಕಾರಿಗೆ ತನ್ನ ಹೆಸರು ದಕ್ಕಿತು. ಬದಲಾವಣೆಯನ್ನು ಮುಚ್ಚಿಡುವವನು ತನ್ನ ಕಾರಿನ ಗುರುತು ಯಾವ ದಾರದಲ್ಲಿ ನೇತಾಡುತ್ತಿದೆಯೋ ಆ ದಾರವನ್ನೇ ಕತ್ತರಿಸುತ್ತಾನೆ.

ಬೆಲೆಯ ಮಾತಿಗೆ ಬರೋಣ. 1956ರ ಲೆ ಮಾನ್ಸ್ ಗೆದ್ದ ಜಾಗ್ವಾರ್ ಡಿ-ಟೈಪ್ 2016ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಕೋಟಿ 17 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅಷ್ಟೊಂದು ಹಣ ಬರಿಯ ತಗಡಿಗೆ, ರಬ್ಬರಿಗೆ ಬಂದದ್ದೇ? ಹಣ ಬಂದದ್ದು ಚರಿತ್ರೆಗೆ. ಚರಿತ್ರೆಗೆಂದು ಹಣ ಎಣಿಸಿಕೊಂಡು ಅರ್ಧ ಚರಿತ್ರೆಯನ್ನು ಕೊಡುವುದಕ್ಕೂ ತಕ್ಕಡಿಯಲ್ಲಿ ಮೋಸ ಮಾಡುವುದಕ್ಕೂ ಏನು ಭೇದ? ಕೊಳ್ಳುವವನು ನೋಡಿಕೊಳ್ಳಲಿ ಎನ್ನುತ್ತಾರೆ. ಬಣ್ಣ ಮಾಸಿದ್ದನ್ನು ಅವನು ನೋಡಬಹುದು; ಬಣ್ಣದ ಅಡಿಯಲ್ಲಿರುವ ಬೆಸುಗೆಯನ್ನು ಬಲ್ಲವನು ಮಾರುವವನೊಬ್ಬನೇ. ಮೇಲಾಗಿ, ಗೆದ್ದವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಪಘಾತವನ್ನು ಬಿಟ್ಟುಬಿಡುವುದೆಂದರೆ ಡನ್‌ಫೀಯಂಥವರ ಸಾವನ್ನೂ ಲೆಕ್ಕದಿಂದ ಹೊಡೆದುಹಾಕಿದಂತೆ.

ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಪ್ಪಾದರೆ ಬ್ಲೇಡಿನಿಂದ ಕೆರೆಯುವಂತಿರಲಿಲ್ಲ. ತಪ್ಪು ಕಾಣುವಂತೆಯೇ ಒಂದು ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಮುಖ್ಯೋಪಾಧ್ಯಾಯರು ಸಹಿ ಹಾಕಬೇಕಿತ್ತು. ಹಾಗೆ ತಿದ್ದಿದ ಪುಟವನ್ನು ಯಾರೂ ಸಂದೇಹಿಸುತ್ತಿರಲಿಲ್ಲ. ಕೆರೆದ ಪುಟವನ್ನು ಎಲ್ಲರೂ ಸಂದೇಹಿಸುತ್ತಿದ್ದರು.

ಉಪದೇಶ ಮಾಡುವವನ ಕೈ ಶುದ್ಧವೇ ಎಂದು ನೀವು ಕೇಳಬಹುದು. ಶುದ್ಧವಲ್ಲ. ಬಹಳ ಹಿಂದೆ ನನ್ನ ಸ್ಕೂಟರನ್ನು ಸಹೋದ್ಯೋಗಿಯೊಬ್ಬರಿಗೆ ಮಾರಿದಾಗ ಅದರ ಎಂಜಿನ್ ಒಮ್ಮೆ ಪೂರ್ತಿ ಬಿಚ್ಚಿ ಕಟ್ಟಿದ್ದೆಂದು ನಾನು ಹೇಳಲಿಲ್ಲ. ಅವರು ಕೇಳಲಿಲ್ಲ. ಮೂರೇ ತಿಂಗಳಲ್ಲಿ ಅದು ಕೈಕೊಟ್ಟಿತು. ಅವರು ಒಂದು ಮಾತೂ ಆಡದೆ ನಿತ್ಯವೂ ನನ್ನ ಕಣ್ಣೆದುರಿಗೇ ಬಸ್ಸಿಗೆ ಕಾದು ನಿಲ್ಲುತ್ತಿದ್ದರು. ನಾನು ಆಡದ ಮಾತು ಸುಳ್ಳೇ ಆಗಿತ್ತೆಂದು ನನಗೆ ಕಲಿಸಿದವರು ಅವರು.

ಸತ್ಯ ಹೇಳಿದರೆ ಬೆಲೆ ಇಳಿಯುತ್ತದೆ ಎನ್ನುತ್ತೀಯಲ್ಲವೇ, ಮಗು? ಇಳಿಯಬಹುದು. ಇಳಿಯಲಿ. ಬದಲಾದ ಚಾಸಿ, ಬದಲಾದ ಎಂಜಿನ್, ಅಪಘಾತವಾದ ದಿನ, ದುರಸ್ತಿ ಮಾಡಿದವರ ರಸೀದಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಕೀಲಿಕೈಗಿಂತ ಮೊದಲು ಆ ಹಾಳೆಯನ್ನು ಕೊಳ್ಳುವವನ ಕೈಗೆ ಕೊಡು. ದಲ್ಲಾಳಿ ಒಪ್ಪದಿದ್ದರೆ ದಲ್ಲಾಳಿಯನ್ನು ಬದಲಿಸು.